ಅರ್ಜಿ ತುಂಬುವ ಮುನ್ನ: ನಮ್ಮ ಹೋಟೆಲ್ ಹುಡುಗ ಯಾವ ಬಗೆಯ ವಿದ್ಯಾರ್ಥಿ?

ದೂರಶಿಕ್ಷಣದ ಬಗ್ಗೆ ಹೋಟೆಲ್ ಮಾಲೀಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ‘ಯಾವ ಯೂನಿವರ್ಸಿಟಿ ಒಳ್ಳೆಯದು?’ ಈ ಪ್ರಶ್ನೆಗೆ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎಂಬುದು ನಮ್ಮ ಅಭಿಪ್ರಾಯ. ಓದಲು ಹೊರಟವನು ಯಾವ ಬಗೆಯ ವಿದ್ಯಾರ್ಥಿ? ಎಂಟನೇ ತರಗತಿಗೆ ಶಾಲೆ ಬಿಟ್ಟು ಬಂದ ಕ್ಲೀನರ್, ಪಿಯುಸಿಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡ ಸಪ್ಲೈಯರ್, ಪಿಯುಸಿ ಪಾಸಾಗಿ ಗಲ್ಲಾದಲ್ಲಿ ಕುಳಿತ ಹುಡುಗ, ಮದುವೆಯಾಗಿ ಊರಿನಿಂದ ಬಂದ ಸೊಸೆ, ಕಾಲೇಜಿಗೆ ಹೋಗುತ್ತಿರುವ ಮಗ, ಇವರೆಲ್ಲರಿಗೂ ಬಾಗಿಲು ಬೇರೆ ಬೇರೆ. ತಪ್ಪು ಬಾಗಿಲು ತಟ್ಟಿದವನ ಹಣವಷ್ಟೇ ಅಲ್ಲ, ಎರಡು ಮೂರು ವರ್ಷದ ಆಯುಷ್ಯವೂ ಹೋಗುತ್ತದೆ.

ಈ ಲೇಖನಕ್ಕೆ ನಾವು ದೆಹಲಿಯ ಸರೋಜಿನಿ ನಗರವನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಕಾರಣವಿಷ್ಟೇ. ಊರು ಬಿಟ್ಟು ಬಂದ ನಮ್ಮ ಹುಡುಗರಿಗೆ ಇಷ್ಟು ಹತ್ತಿರದಲ್ಲಿ ಇಷ್ಟು ಬಾಗಿಲುಗಳು ಇರುವ ಜಾಗ ಬೇರೆ ಕಡೆ ಸಿಗುವುದು ಕಷ್ಟ. ಬೆಂಗಳೂರು, ಮುಂಬಯಿ, ಪುಣೆಯ ಮಾಲೀಕರಿಗೂ ಇಲ್ಲಿನ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ.

ಎರಡು ನಿಲ್ದಾಣದ ದೂರ

ಸರೋಜಿನಿ ನಗರದ ಮೆಟ್ರೋ ನಿಲ್ದಾಣ 2018ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅಲ್ಲಿಂದ ಪಿಂಕ್ ಲೈನ್‌ನಲ್ಲಿ ಎರಡು ನಿಲ್ದಾಣ ಹೋದರೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಮೋತಿಬಾಗ್ ನಿಲ್ದಾಣ. ದಕ್ಷಿಣ ಮೋತಿಬಾಗ್‌ನಲ್ಲಿ ದೆಹಲಿ ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಓಪನ್ ಲರ್ನಿಂಗ್ (ಎಸ್‌ಒಎಲ್) ಸಂಸ್ಥೆಯ ಅಧ್ಯಯನ ಕೇಂದ್ರವಿದೆ. ಇನ್ನೊಂದು ದಿಕ್ಕಿನಲ್ಲಿ ಒಂದೇ ನಿಲ್ದಾಣ ಹೋಗಿ ಐಎನ್‌ಎಯಲ್ಲಿ ಯೆಲ್ಲೋ ಲೈನ್ ಹಿಡಿದರೆ ಸಾಕೇತ್. ಅಲ್ಲಿಂದ ಮುಂದೆ ಮೈದಾನ್ ಗಢಿಯಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ. ಶಾಲಾ ಹಂತದ ಪರೀಕ್ಷೆ ನಡೆಸುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಕೇಂದ್ರ ಕಚೇರಿ ನೋಯ್ಡಾದ ಸೆಕ್ಟರ್ 62ರಲ್ಲಿದೆ. ಅಲ್ಲಿಗೂ ಮೆಟ್ರೋ ಹೋಗುತ್ತದೆ.

ಅಂಚೆಯ ಮೂಲಕ ಪದವಿ ಓದಿಸುವ ಕೆಲಸವನ್ನು ಭಾರತದಲ್ಲಿ ಮೊದಲು ಶುರು ಮಾಡಿದ್ದು ದೆಹಲಿ ವಿಶ್ವವಿದ್ಯಾಲಯವೇ, 1962ರಲ್ಲಿ. ಅಂದು ಅದರ ಹೆಸರು ಸ್ಕೂಲ್ ಆಫ್ ಕರೆಸ್ಪಾಂಡೆನ್ಸ್ ಕೋರ್ಸಸ್. 2004ರಲ್ಲಿ ಈಗಿನ ಹೆಸರು ಬಂತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಆರಂಭಿಸಿತು. ಇಗ್ನೋ ಹುಟ್ಟಿದ್ದು 1985ರಲ್ಲಿ. ಮೈಸೂರಿನ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ಹೋಟೆಲಿನಲ್ಲಿ ದುಡಿಯುತ್ತಲೇ ಓದುವುದು ನಮಗೆ ಹೊಸದಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬೆಂಚುಗಳಲ್ಲಿ ಹಗಲು ಮೇಜು ಒರೆಸಿದ ಹುಡುಗರೇ ಕುಳಿತಿರುತ್ತಿದ್ದರು. ಅವರಲ್ಲಿ ಅನೇಕರು ಮುಂದೆ ಸ್ವಂತ ಹೋಟೆಲ್ ಮಾಡಿದರು, ವಕೀಲರಾದರು, ಬ್ಯಾಂಕು ಸೇರಿದರು. ಆ ರಾತ್ರಿ ಶಾಲೆಯ ಜಾಗದಲ್ಲಿ ಇಂದು ದೂರಶಿಕ್ಷಣ ನಿಂತಿದೆ.

ಎಸ್ಸೆಸ್ಸೆಲ್ಸಿ ಮುಗಿಸದವನು

ಮೊದಲು ಒಂದು ಎಚ್ಚರಿಕೆ. 14 ವರ್ಷ ತುಂಬದ ಮಕ್ಕಳನ್ನು ಹೋಟೆಲ್, ಢಾಬಾಗಳಲ್ಲಿ ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. ಅಂಥ ಮಗುವಿಗೆ ಬೇಕಾದುದು ಶಾಲೆ. ದೂರಶಿಕ್ಷಣದ ಅರ್ಜಿ ಅಲ್ಲ. ಇಲ್ಲಿ ನಾವು ಹೇಳುತ್ತಿರುವುದು ದೊಡ್ಡವರಾಗಿ ಕೆಲಸಕ್ಕೆ ಸೇರಿದ, ಆದರೆ ಹತ್ತನೆಯ ತರಗತಿ ದಾಟದ ಹುಡುಗರ ಬಗ್ಗೆ.

ಇವರಿಗೆ ವಿಶ್ವವಿದ್ಯಾಲಯದ ಬಾಗಿಲು ಇನ್ನೂ ದೂರ. ಮೊದಲ ಮೆಟ್ಟಿಲು ಎನ್‌ಐಒಎಸ್. ಎಂಟನೆಯ ತರಗತಿ ಪಾಸಾದ ದಾಖಲೆ ಇದ್ದರೆ ಸರಿ. ಇಲ್ಲದಿದ್ದರೆ ಹತ್ತನೆಯ ತರಗತಿ ಓದುವಷ್ಟು ಕಲಿತಿದ್ದೇನೆ ಎಂದು ತಾನೇ ಬರೆದುಕೊಡುವ ಘೋಷಣೆಗೂ ಅವಕಾಶವಿದೆ. ಐದು ವಿಷಯಗಳು ಬೇಕು, ಅವುಗಳಲ್ಲಿ ಕನಿಷ್ಠ ಒಂದು ಭಾಷೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ ಎಂಬುದು ಎಷ್ಟೋ ಮಂದಿಗೆ ಗೊತ್ತಿಲ್ಲ. ಉಳಿದ ವಿಷಯಗಳಲ್ಲಿ ಗೃಹವಿಜ್ಞಾನ, ವ್ಯವಹಾರ ಅಧ್ಯಯನ, ಡೇಟಾ ಎಂಟ್ರಿಯಂಥವನ್ನು ಆಯ್ದುಕೊಳ್ಳಬಹುದು. ಗಣಿತಕ್ಕೆ ಹೆದರಿ ಶಾಲೆ ಬಿಟ್ಟವನಿಗೆ ಗಣಿತ ಕಡ್ಡಾಯವಲ್ಲ. ಆದರೆ ಗಣಿತ ಬಿಟ್ಟರೆ ಮುಂದೆ ಕೆಲವು ಕೋರ್ಸುಗಳು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿ ಹೇಳಬೇಕು.

ಒಮ್ಮೆ ಸೇರಿದರೆ ಐದು ವರ್ಷದ ಅವಧಿ, ಅದರೊಳಗೆ ಒಂಬತ್ತು ಪರೀಕ್ಷಾ ಅವಕಾಶ. ಒಂದೇ ಸಲಕ್ಕೆ ಐದೂ ವಿಷಯ ಬರೆಯಬೇಕೆಂದಿಲ್ಲ. ಈ ಬಾರಿ ಎರಡು, ಮುಂದಿನ ಬಾರಿ ಎರಡು, ಕೊನೆಗೆ ಒಂದು ಎಂದು ಬರೆದರೂ ಪ್ರಮಾಣಪತ್ರ ಬರುತ್ತದೆ. ದಿನಕ್ಕೆ ಹತ್ತು ಗಂಟೆ ನಿಂತು ದುಡಿಯುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ತೊಂದರೆ ಇರುವುದು ಪರೀಕ್ಷೆಯ ತಿಂಗಳುಗಳಲ್ಲಿ. ಎನ್‌ಐಒಎಸ್‌ನ ಸಾರ್ವಜನಿಕ ಪರೀಕ್ಷೆಗಳು ಏಪ್ರಿಲ್-ಮೇ ಹಾಗೂ ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತವೆ. ಮೊದಲನೆಯದು ಮದುವೆಯ ಕಾಲ, ಎರಡನೆಯದು ದಸರಾ-ದೀಪಾವಳಿಯ ಕಾಲ. ಎರಡೂ ಕೇಟರಿಂಗ್‌ನವರಿಗೆ ಉಸಿರಾಡಲು ಬಿಡುವಿಲ್ಲದ ದಿನಗಳು. ಇದಕ್ಕಾಗಿಯೇ ‘ಬೇಡಿಕೆ ಪರೀಕ್ಷೆ’ ಎಂಬ ಇನ್ನೊಂದು ದಾರಿ ಇದೆ. ಒಂದೊಂದು ವಿಷಯವನ್ನು ಬೇರೆ ತಿಂಗಳಲ್ಲಿ, ಎನ್‌ಐಒಎಸ್‌ನ ನಿಗದಿತ ಕೇಂದ್ರದಲ್ಲಿ ಬರೆಯಬಹುದು. ದೆಹಲಿಯಲ್ಲಿರುವವರಿಗೆ ನೋಯ್ಡಾ ಹತ್ತಿರವಿರುವುದು ಇಲ್ಲಿ ಲಾಭ.

ಪಿಯುಸಿಯಲ್ಲಿ ನಿಂತವನು

ನಮ್ಮ ಹೋಟೆಲುಗಳಲ್ಲಿ ಅತಿ ಹೆಚ್ಚು ಸಿಗುವ ವಿದ್ಯಾರ್ಥಿ ಇವನೇ. ಕುಂದಾಪುರದಲ್ಲೋ ಹಾಸನದಲ್ಲೋ ಪಿಯುಸಿ ಬರೆದು, ಒಂದೆರಡು ವಿಷಯ ಹೋಗಿ, ‘ಸಪ್ಲಿಮೆಂಟರಿ ಕಟ್ಟುತ್ತೇನೆ’ ಎಂದುಕೊಂಡೇ ರೈಲು ಹತ್ತಿದವನು. ಅಂಕಪಟ್ಟಿ ಟ್ರಂಕಿನಲ್ಲಿ ಹಳದಿಯಾಗುತ್ತಿರುತ್ತದೆ.

ಇವನು ಮತ್ತೆ ಮೊದಲಿನಿಂದ ಓದಬೇಕಾಗಿಲ್ಲ. ಮಾನ್ಯ ಮಂಡಳಿಯ ಪರೀಕ್ಷೆಯಲ್ಲಿ ಪಾಸಾದ ವಿಷಯಗಳಲ್ಲಿ ಎರಡರವರೆಗೆ ಅಂಕಗಳನ್ನು ಎನ್‌ಐಒಎಸ್‌ಗೆ ವರ್ಗಾಯಿಸಿಕೊಳ್ಳುವ ವ್ಯವಸ್ಥೆ ಇದೆ. ಷರತ್ತುಗಳಿವೆ; ಆ ವಿಷಯ ಎನ್‌ಐಒಎಸ್‌ನಲ್ಲೂ ಇರಬೇಕು, ಮೂಲ ಅಂಕಪಟ್ಟಿ ಒದಗಿಸಬೇಕು. ಎನ್‌ಐಒಎಸ್ ತನ್ನ ಅರ್ಜಿದಾರರನ್ನು ‘ಸ್ಟ್ರೀಮ್’ಗಳಾಗಿ ವಿಂಗಡಿಸುತ್ತದೆ. ಹೊಸದಾಗಿ ಓದುವವರು ಬೇರೆ, ಬೇರೆ ಮಂಡಳಿಯ ಪರೀಕ್ಷೆ ಬರೆದು ನಿಂತವರು ಬೇರೆ. ಅರ್ಜಿಯಲ್ಲಿ ಈ ಒಂದು ಕಾಲಂ ತಪ್ಪಿದರೆ ಪರೀಕ್ಷೆಯ ಸರದಿಯೇ ಬದಲಾಗಬಹುದು. ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಪಡೆಯಲು ಹತ್ತನೆಯದು ಪಾಸಾಗಿ ಎರಡು ವರ್ಷ ಕಳೆದಿರಬೇಕೆಂಬ ನಿಯಮವೂ ಇದೆ.

‘ಹನ್ನೆರಡನೆಯದು ಬೇಡ, ನೇರವಾಗಿ ಡಿಗ್ರಿ ಮಾಡಿಸುತ್ತೇವೆ’ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಪಿಯುಸಿ ಇಲ್ಲದ ವಯಸ್ಕರಿಗಾಗಿ ಪೂರ್ವಸಿದ್ಧತಾ ಕೋರ್ಸುಗಳನ್ನು ಮುಕ್ತ ವಿಶ್ವವಿದ್ಯಾಲಯಗಳು ನಡೆಸಿದ್ದುಂಟು. ಇಗ್ನೋದ ಬಿಪಿಪಿ ಅಂಥದು. ಆದರೆ ಅದು ಹನ್ನೆರಡನೆಯ ತರಗತಿಗೆ ಸಮವಲ್ಲ. ನೌಕರಿಯವರು ಪಿಯುಸಿ ಅಂಕಪಟ್ಟಿ ಕೇಳಿದಾಗ ಅದು ಕೆಲಸಕ್ಕೆ ಬಾರದು. ಮೊದಲ ಪದವಿಯೇ ಇಲ್ಲದೆ ಮುಕ್ತ ಪದ್ಧತಿಯಲ್ಲಿ ಪಡೆದ ಸ್ನಾತಕೋತ್ತರ ಪದವಿ ಮಾನ್ಯವಲ್ಲ ಎಂದು ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ಮೆಟ್ಟಿಲು ಹಾರಿ ಹತ್ತಿದವನು ಕೆಳಗೆ ಬೀಳುವುದು ಮೇಲೆ ಮುಟ್ಟಿದ ಮೇಲೆಯೇ. ಆದ್ದರಿಂದ 10, 12, ಪದವಿ ಎಂಬ ಕ್ರಮವನ್ನು ಬಿಡಬಾರದೆಂಬುದು ನಮ್ಮ ಸ್ಪಷ್ಟ ಸಲಹೆ.

ಪಿಯುಸಿ ಪಾಸಾದವನು

ಇವನಿಗೆ ದೆಹಲಿಯಲ್ಲಿ ಮೂರು ದಾರಿಗಳಿವೆ.

ಒಂದು, ಎಸ್‌ಒಎಲ್. ದೆಹಲಿ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಬೇಕಾದ ಸಿಯುಇಟಿ ಪ್ರವೇಶ ಪರೀಕ್ಷೆ ಇಲ್ಲಿನ ಪದವಿ ಕೋರ್ಸುಗಳಿಗೆ ಬೇಕಿಲ್ಲ. ಹನ್ನೆರಡನೆಯ ತರಗತಿಯ ಅಂಕಗಳೇ ಸಾಕು. ಪದವಿ ಬರುವುದು ದೆಹಲಿ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಸೆಮಿಸ್ಟರ್ ಪದ್ಧತಿಯಾದ್ದರಿಂದ ವರ್ಷಕ್ಕೆ ಎರಡು ಬಾರಿ ಪರೀಕ್ಷೆ. ಓದು ಇಂಗ್ಲಿಷ್ ಅಥವಾ ಹಿಂದಿಯಲ್ಲಿ.

ಎರಡು, ಇಗ್ನೋ. ಜನವರಿ ಮತ್ತು ಜುಲೈ, ಹೀಗೆ ವರ್ಷಕ್ಕೆ ಎರಡು ಬಾರಿ ಪ್ರವೇಶ. ಮೂರು ವರ್ಷದ ಪದವಿಯನ್ನು ಆರು ವರ್ಷದೊಳಗೆ ಮುಗಿಸಬಹುದು. ಅಸೈನ್‌ಮೆಂಟ್‌ಗೆ ಶೇಕಡಾ 30, ಜೂನ್ ಅಥವಾ ಡಿಸೆಂಬರ್‌ನ ಪರೀಕ್ಷೆಗೆ ಶೇಕಡಾ 70 ಅಂಕ ಎಂಬುದು ಸಾಮಾನ್ಯ ಲೆಕ್ಕ. ಇಲ್ಲಿ ನಮ್ಮ ಹುಡುಗರು ಎಡವುವುದು ಓದಿನಲ್ಲಿ ಅಲ್ಲ, ದಿನಾಂಕದಲ್ಲಿ. ಪ್ರವೇಶ ಪಡೆದರೆ ಮುಗಿಯಲಿಲ್ಲ. ಮುಂದಿನ ವರ್ಷಕ್ಕೆ ಮರುನೋಂದಣಿ ಬೇರೆ, ಪರೀಕ್ಷೆಗೆ ಅರ್ಜಿ ಬೇರೆ, ಅಸೈನ್‌ಮೆಂಟ್ ಕೊಡುವ ಕೊನೆಯ ದಿನ ಬೇರೆ. ಇವುಗಳಲ್ಲಿ ಒಂದು ತಪ್ಪಿದರೂ ಆರು ತಿಂಗಳು ಹೋದಂತೆ.

ಮೂರು, ನಮ್ಮದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಕನ್ನಡ ಮಾಧ್ಯಮದಲ್ಲಿ ಬಿ.ಎ., ಬಿ.ಕಾಂ. ಓದಬಯಸುವವನಿಗೆ ಇದು ಸಹಜ ಆಯ್ಕೆ. ಆದರೆ ರಾಜ್ಯ ಮುಕ್ತ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿಯೊಳಗೆ ಮಾತ್ರ ದೂರಶಿಕ್ಷಣ ಕೇಂದ್ರ ನಡೆಸಬಹುದು. ಆದ್ದರಿಂದ ದೆಹಲಿಯಲ್ಲಿ ‘ಕರ್ನಾಟಕ ಮುಕ್ತ ವಿ.ವಿ.ಯ ಸ್ಟಡಿ ಸೆಂಟರ್’ ಎಂಬ ಬೋರ್ಡು ಕಂಡರೆ ಒಳಗೆ ಹೋಗದಿರುವುದೇ ಲೇಸು. ಊರಿನ ಸಮೀಪದ ಮಂಗಳೂರು, ಉಡುಪಿಯಂಥ ಪ್ರಾದೇಶಿಕ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಪರೀಕ್ಷೆಗೆ ಊರಿಗೆ ಹೋಗಿ ಬರುವುದು ಒಂದು ಮಾರ್ಗ. ಯುಜಿಸಿ ಅನುಮತಿ ಇರುವ ಆನ್‌ಲೈನ್ ಪದವಿಗಳಿಗೆ ರಾಜ್ಯದ ಗಡಿ ಇಲ್ಲ. ಅದು ಇನ್ನೊಂದು ಮಾರ್ಗ.

ಸರೋಜಿನಿ ನಗರದವರಿಗೆ ಇಲ್ಲೊಂದು ವಿಶೇಷ ತೊಡಕು. ಅಲ್ಲಿನ ಮಾರುಕಟ್ಟೆಗೆ ವಾರದ ರಜೆ ಸೋಮವಾರ. ದೂರಶಿಕ್ಷಣದ ಸಂಪರ್ಕ ತರಗತಿಗಳು ಹೆಚ್ಚಾಗಿ ನಡೆಯುವುದು ಶನಿವಾರ, ಭಾನುವಾರ. ಗಿರಾಕಿಗಳ ನೂಕುನುಗ್ಗಲು ಇರುವುದೂ ಅಂದೇ. ಇಗ್ನೋದಲ್ಲಿ ಪ್ರಯೋಗವಿಲ್ಲದ ವಿಷಯಗಳ ತರಗತಿಗೆ ಹಾಜರಾತಿ ಕಡ್ಡಾಯವಲ್ಲ. ಪ್ರಾಯೋಗಿಕ ತರಗತಿಗೆ ಕಡ್ಡಾಯ. ಆದ್ದರಿಂದ ವಾರಾಂತ್ಯದಲ್ಲಿ ಬಿಡಲಾಗದ ಹುಡುಗನಿಗೆ ಪ್ರಯೋಗವಿಲ್ಲದ ಕೋರ್ಸು ಆರಿಸುವುದು ಜಾಣತನ. ಸೋಮವಾರವನ್ನು ಅವನ ಓದಿಗೆ ಬಿಟ್ಟುಕೊಡಿ. ರಜೆಯ ದಿನ ಪಾತ್ರೆ ಬೆಳಗಲು, ಸಾಮಾನು ತರಲು ಕರೆಯಬೇಡಿ.

ಮನೆಯ ಹೆಣ್ಣುಮಕ್ಕಳು

ಗಂಡಸರು ಹೋಟೆಲಿನಲ್ಲಿ, ಹೆಂಗಸರು ಮನೆಯಲ್ಲಿ ಹಿಟ್ಟು, ಚಟ್ನಿಪುಡಿ, ಲೆಕ್ಕ ಎಂದು ದುಡಿಯುವ ಕುಟುಂಬಗಳು ನಮ್ಮಲ್ಲಿ ಬಹಳ. ದೆಹಲಿಯಲ್ಲಿ ವಾಸವಿರುವ ಹೆಣ್ಣುಮಕ್ಕಳಿಗೆಂದೇ ದೆಹಲಿ ವಿಶ್ವವಿದ್ಯಾಲಯದಲ್ಲಿ ನಾನ್ ಕಾಲೇಜಿಯೇಟ್ ಮಹಿಳಾ ಶಿಕ್ಷಣ ಮಂಡಳಿ ಇದೆ. ಇದು ದೂರಶಿಕ್ಷಣವಲ್ಲ. ವಾರಾಂತ್ಯದಲ್ಲಿ ಕಾಲೇಜಿಗೆ ಹೋಗಿ ಪಾಠ ಕೇಳಿ ಬಿ.ಎ. ಅಥವಾ ಬಿ.ಕಾಂ. ಪಡೆಯಬಹುದು. ದೆಹಲಿ ವಿಳಾಸದ ದಾಖಲೆ ಬೇಕು. ನೋಯ್ಡಾ, ಗುರುಗ್ರಾಮದಲ್ಲಿರುವವರಿಗೆ ಇದು ಸಿಗದು. ಅವರಿಗೆ ಎಸ್‌ಒಎಲ್, ಇಗ್ನೋ ಇದ್ದೇ ಇವೆ. ಲೆಕ್ಕಪತ್ರ ಗೊತ್ತಿರುವ ಸೊಸೆ ಮನೆಯಲ್ಲಿದ್ದರೆ ಜಿಎಸ್‌ಟಿ ಕಾಗದಕ್ಕೆ ಹೊರಗಿನವರ ಬಾಯಿ ನೋಡಬೇಕಾಗಿಲ್ಲ.

ಕಾಲೇಜಿನಲ್ಲಿರುವ ಮಗ, ಪದವಿ ಮುಗಿಸಿದ ಮ್ಯಾನೇಜರ್

ಒಂದೇ ಕಾಲದಲ್ಲಿ ಎರಡು ಪದವಿ ಓದಬಾರದೆಂಬ ಹಳೆಯ ನಿರ್ಬಂಧವನ್ನು ಯುಜಿಸಿ 2022ರ ಏಪ್ರಿಲ್‌ನಲ್ಲಿ ಸಡಿಲಿಸಿತು. ಕಾಲೇಜಿನಲ್ಲಿ ಒಂದು, ದೂರಶಿಕ್ಷಣದಲ್ಲಿ ಇನ್ನೊಂದು ಓದಬಹುದು. ಬಿ.ಎಸ್‌ಸಿ. ಮಾಡುತ್ತಿರುವ ಮಾಲೀಕರ ಮಗ ಜೊತೆಯಲ್ಲೇ ಬಿ.ಕಾಂ. ಮಾಡಲು ಅಡ್ಡಿಯಿಲ್ಲ. ಆದರೂ ಅವನು ಓದುವ ಕಾಲೇಜಿನ ನಿಯಮ ಕೇಳಿಕೊಂಡು ಮುಂದುವರಿಯಬೇಕು.

ಪದವಿ ಮುಗಿಸಿದ ಮ್ಯಾನೇಜರ್‌ಗಳಿಗೆ ಎಂ.ಕಾಂ., ಎಂಬಿಎಗಳ ಜೊತೆಗೆ ನಮ್ಮ ಕಸುಬಿಗೆ ಹತ್ತಿರದ ಕೋರ್ಸುಗಳೂ ಇಗ್ನೋದಲ್ಲಿವೆ. ವಿಜ್ಞಾನ ಓದಿದವರಿಗೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ಹೆಸರಿಸಬಹುದಾದದ್ದು. ಆದರೆ 25 ಮಂದಿ ಆಹಾರ ಕೆಲಸಗಾರರಿಗೆ ಒಬ್ಬ ತರಬೇತಾದ ಮೇಲ್ವಿಚಾರಕ ಇರಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಕ್ಕೆ ಅದರದೇ ಫಾಸ್ಟ್ಯಾಕ್ ತರಬೇತಿ ಬೇರೆ ಇದೆ. ಪದವಿ ಬೇರೆ, ಲೈಸೆನ್ಸಿಗೆ ಬೇಕಾದ ಸರ್ಟಿಫಿಕೇಟ್ ಬೇರೆ. ಒಂದರ ಬದಲು ಇನ್ನೊಂದು ಆಗುವುದಿಲ್ಲ.

ದೂರದಿಂದ ಸಿಗದ ಪದವಿ

ನಮ್ಮ ಓದುಗರು ಮುಖ್ಯವಾಗಿ ನೆನಪಿಡಬೇಕಾದ ಮಾತು ಇದು. ಹೋಟೆಲ್ ಮ್ಯಾನೇಜ್‌ಮೆಂಟ್, ಕೇಟರಿಂಗ್ ಟೆಕ್ನಾಲಜಿ, ಪಾಕಶಾಸ್ತ್ರ ಈ ಮೂರನ್ನೂ ದೂರಶಿಕ್ಷಣದ ಮೂಲಕ ಪದವಿಯಾಗಿ ಕೊಡುವುದನ್ನು ಯುಜಿಸಿ ನಿಷೇಧಿಸಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು ಇರುವ ಪಟ್ಟಿಯಲ್ಲೇ ನಮ್ಮ ಕಸುಬೂ ಇದೆ. ಒಲೆಯ ಮುಂದೆ ನಿಲ್ಲದೆ ಅಡುಗೆ ಕಲಿಯಲಾಗದು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ‘ಮನೆಯಲ್ಲೇ ಕುಳಿತು ಹೋಟೆಲ್ ಮ್ಯಾನೇಜ್‌ಮೆಂಟ್ ಡಿಗ್ರಿ’ ಎಂಬ ಜಾಹೀರಾತಿಗೆ ಮೊದಲು ಬಲಿಯಾಗುವವರು ಹೋಟೆಲಿನವರ ಮಕ್ಕಳೇ.

ಈ ಪದವಿ ಬೇಕಾದವರು ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮತ್ತು ಕೇಟರಿಂಗ್ ತಂತ್ರಜ್ಞಾನ ಮಂಡಳಿಯ ಪ್ರವೇಶ ಪರೀಕ್ಷೆ ಬರೆದು ದೆಹಲಿಯ ಪೂಸಾ, ಬೆಂಗಳೂರು ಮುಂತಾದ ಕಡೆ ಇರುವ ಸಂಸ್ಥೆಗಳಿಗೆ ಸೇರಬೇಕು. ಆ ಬಿ.ಎಸ್‌ಸಿ. ಪದವಿಯನ್ನು ಹಿಂದೆ ಇಗ್ನೋ ಜೊತೆಗೂಡಿ ಕೊಡಲಾಗುತ್ತಿತ್ತು. ‘ಇಗ್ನೋದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಇದೆ’ ಎಂಬ ಮಾತು ಹುಟ್ಟಿದ್ದು ಅದರಿಂದಲೇ. ಅದು ಅಂದೂ ಕಾಲೇಜಿಗೆ ಹೋಗಿ ಓದುವ ಕೋರ್ಸೇ ಆಗಿತ್ತು.

ನಮ್ಮ ರಾಜ್ಯದ ಅನುಭವ

ಮಾನ್ಯತೆಯ ಮಾತು ಕಾಗದದ ಮಾತಲ್ಲ ಎಂಬುದನ್ನು ಕನ್ನಡಿಗರಿಗೆ ಕಲಿಸಿದ್ದು ಕರ್ನಾಟಕ ಮುಕ್ತ ವಿಶ್ವವಿದ್ಯಾಲಯದ ಪ್ರಕರಣ. ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಸಹಯೋಗದಲ್ಲಿ ಕೋರ್ಸುಗಳನ್ನು, ಅದರಲ್ಲೂ ತಾಂತ್ರಿಕ ಕೋರ್ಸುಗಳನ್ನು ನಡೆಸಿದ್ದು ನಿಯಮಬಾಹಿರವೆಂದು, 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ಮಾನ್ಯತೆ ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಪ್ರಾಮಾಣಿಕವಾಗಿ ಶುಲ್ಕ ಕಟ್ಟಿ, ಓದಿ, ಪರೀಕ್ಷೆ ಬರೆದ ಸಾವಿರಾರು ಮಂದಿ ಪದವಿಯ ಬೆಲೆ ಏನೆಂದು ತಿಳಿಯದೆ ಅತಂತ್ರರಾದರು. ಅವರಲ್ಲಿ ದುಡಿಯುತ್ತ ಓದಿದವರೇ ಹೆಚ್ಚು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಮರಳಬಹುದು. ಆ ವರ್ಷಗಳಲ್ಲಿ ನೌಕರಿಯ ವಯಸ್ಸು ಮೀರಿದವನಿಗೆ ವಯಸ್ಸು ಮರಳಿ ಬಾರದು.

ಈ ಕಾರಣಕ್ಕೆ ಯಾರ ಮಾತನ್ನೂ ನಂಬದೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಪ್ರಕಟಿಸುವ ಪಟ್ಟಿಯನ್ನು ನೋಡಬೇಕು. ಅಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದರೆ ಸಾಲದು. ಸೇರುತ್ತಿರುವ ಕೋರ್ಸು, ಸೇರುತ್ತಿರುವ ವರ್ಷ, ಎರಡೂ ಇರಬೇಕು. 2020ರ ನಿಯಮಾವಳಿ ಪ್ರಕಾರ ಫ್ರಾಂಚೈಸಿ ಕೇಂದ್ರಗಳ ಮೂಲಕ ಪ್ರವೇಶ ಕೊಡುವಂತಿಲ್ಲ. 2024ರಿಂದ ದೂರಶಿಕ್ಷಣಕ್ಕಾಗಲಿ ಆನ್‌ಲೈನ್ ಪದವಿಗಾಗಲಿ ಸೇರುವ ವಿದ್ಯಾರ್ಥಿ ಡಿಇಬಿ ಐಡಿ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಅದನ್ನು ಹುಡುಗ ತನ್ನ ಸ್ವಂತ ಮೊಬೈಲ್ ನಂಬರ್ ಕೊಟ್ಟು ಮಾಡಿಕೊಳ್ಳಲಿ. ಏಜೆಂಟನ ನಂಬರ್ ಕೊಟ್ಟರೆ ಮುಂದೆ ಪ್ರತಿ ಓಟಿಪಿಗೂ ಅವನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಹೀಗೆ ಸರಿಯಾಗಿ ಪಡೆದ ದೂರಶಿಕ್ಷಣದ ಪದವಿ ಕಾಲೇಜಿನ ಪದವಿಗೆ ಸಮ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಮಾಲೀಕರ ಪಾಲಿನ ಕೆಲಸ

‘ಓದಿಸಿದರೆ ಹುಡುಗ ಕೆಲಸ ಬಿಟ್ಟು ಹೋಗುತ್ತಾನೆ’ ಎಂಬುದು ಅನೇಕ ಮಾಲೀಕರ ಮನಸ್ಸಿನಲ್ಲಿರುವ, ಬಾಯಿಬಿಟ್ಟು ಹೇಳದ ಭಯ. ನಿಜ, ಕೆಲವರು ಹೋಗುತ್ತಾರೆ. ಓದದವರೂ ಹೋಗುತ್ತಾರೆ, ಪಕ್ಕದ ಹೋಟೆಲಿನವರು ಐನೂರು ರೂಪಾಯಿ ಹೆಚ್ಚು ಕೊಟ್ಟರೆ. ಓದುವ ಹುಡುಗ ಮಾತ್ರ ಪದವಿ ಮುಗಿಯುವ ತನಕವಾದರೂ ಒಂದು ಕಡೆ ನಿಲ್ಲಲು ನೋಡುತ್ತಾನೆ, ಏಕೆಂದರೆ ಪರೀಕ್ಷೆಗೆ ರಜೆ ಕೊಡುವ ಧಣಿ ಎಲ್ಲ ಕಡೆ ಸಿಗುವುದಿಲ್ಲ. ಇಂದು ಹೋಟೆಲ್ ನಡೆಸಲು ರುಚಿ ಒಂದೇ ಸಾಲದು. ಜಿಎಸ್‌ಟಿ, ಆಹಾರ ಲೈಸೆನ್ಸ್, ಮನೆಗೆ ಮುಟ್ಟಿಸುವ ಕಂಪನಿಗಳ ಕಮಿಷನ್ ಲೆಕ್ಕ ಇವೆಲ್ಲ ತಿಳಿದವನು ನಮ್ಮಲ್ಲೇ ಬೆಳೆದರೆ ನಷ್ಟವೇನು?

ಆದ್ದರಿಂದ ಮಾಲೀಕ ಬಂಧುಗಳಲ್ಲಿ ನಮ್ಮ ಕೆಲವು ವಿನಂತಿಗಳು:

ಹೋಟೆಲಿನ ಎಲ್ಲ ಹುಡುಗರ ಓದು ಎಲ್ಲಿಗೆ ನಿಂತಿದೆ ಎಂದು ಒಂದು ಪುಟದಲ್ಲಿ ಬರೆದುಕೊಳ್ಳಿ. ಹೆಸರು, ಕೊನೆಯದಾಗಿ ಪಾಸಾದ ತರಗತಿ, ಉಳಿದ ವಿಷಯ, ಅಂಕಪಟ್ಟಿ ಎಲ್ಲಿದೆ, ಇಷ್ಟು ಸಾಕು. ಯಾವ ಬಾಗಿಲು ಎಂಬುದು ಅದರಿಂದಲೇ ಗೊತ್ತಾಗುತ್ತದೆ.

ಊರಿನಲ್ಲಿರುವ ಅಂಕಪಟ್ಟಿ, ವರ್ಗಾವಣೆ ಪತ್ರಗಳನ್ನು ಹಬ್ಬಕ್ಕೆ ಹೋದಾಗ ತರಲು ಹೇಳಿ. ಆಧಾರ್‌ನಲ್ಲಿರುವ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ವ್ಯತ್ಯಾಸವಿದ್ದರೆ ಮೊದಲೇ ಸರಿಪಡಿಸಿಕೊಳ್ಳಲಿ.

ಮೂಲ ಪ್ರಮಾಣಪತ್ರಗಳನ್ನು ಗಲ್ಲಾಪೆಟ್ಟಿಗೆಯಲ್ಲಿ ಒತ್ತೆ ಇಟ್ಟುಕೊಳ್ಳಬೇಡಿ. ಅವು ಹುಡುಗನ ಸೊತ್ತು.

ಶುಲ್ಕವನ್ನು ವಿಶ್ವವಿದ್ಯಾಲಯದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಅದನ್ನು ಮುಂಗಡವೆಂದು ಸಂಬಳದಲ್ಲಿ ಮುರಿಯುವುದಾದರೆ ಮೊದಲೇ ಹೇಳಿ. ಕೊಡುಗೆಯಾದರೆ ಮುಂದೆ ಎತ್ತಿ ಆಡಬೇಡಿ.

ಮರುನೋಂದಣಿ, ಅಸೈನ್‌ಮೆಂಟ್, ಪರೀಕ್ಷಾ ಅರ್ಜಿ, ಈ ಮೂರು ದಿನಾಂಕಗಳನ್ನು ಮದುವೆ ಆರ್ಡರ್ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯಿರಿ. ಪರೀಕ್ಷೆಯ ಹಿಂದಿನ ದಿನ ರಾತ್ರಿ ಪಾಳಿ ಹಾಕಬೇಡಿ.

ದೆಹಲಿಯ ಜುಲೈ ಪ್ರವೇಶಕ್ಕೆ ಮೇ ತಿಂಗಳಲ್ಲೇ ಸಿದ್ಧರಾಗಬೇಕು, ಜನವರಿ ಪ್ರವೇಶಕ್ಕೆ ದೀಪಾವಳಿ ಮುಗಿದೊಡನೆ. ಪ್ರತಿ ಹೋಟೆಲಿನಿಂದ ಒಬ್ಬನಾದರೂ ಈ ವರ್ಷ ತನಗೆ ಸರಿಯಾದ ಅರ್ಜಿ ತುಂಬುವಂತಾಗಲಿ ಎಂಬುದು ನಮ್ಮ ಆಶಯ.